ಪದ ಪರಿಚಯ: ವೈಯಕ್ತಿಕ ಅಂತರ

ಎದುರಿಗಿರುವವರು ಎಷ್ಟು ಹತ್ತಿರ ಬಂದರೆ ನಮಗೆ ಇರಿಸುಮುರಿಸಾಗುತ್ತದೆಯೋ ಆ ಗೆರೆಯ ಒಳಗಿನ ಜಾಗಕ್ಕೆ ವೈಯಕ್ತಿಕ ಅಂತರ ಎನ್ನುತ್ತಾರೆ; ಬಳಕೆಯಲ್ಲಿ ಪರ್ಸನಲ್ ಸ್ಪೇಸ್. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಈ ಅಧ್ಯಯನಕ್ಕೆ ಪ್ರಾಕ್ಸೆಮಿಕ್ಸ್ ಎಂದು ಹೆಸರಿಟ್ಟರು. ಅವರು ತಮ್ಮ ನಾಡಿನವರಲ್ಲಿ ಗುರುತಿಸಿದಂತೆ ಸುಮಾರು 45 ಸೆಂಟಿಮೀಟರ್ ಒಳಗೆ ಆಪ್ತರಿಗಷ್ಟೇ ಪ್ರವೇಶ, 1.2 ಮೀಟರ್ ತನಕ ಸ್ನೇಹಿತರಿಗೆ, 3.6 ಮೀಟರ್ ತನಕ ವ್ಯವಹಾರದವರಿಗೆ. ಈ ಅಳತೆ ಎಲ್ಲ ನಾಡಿಗೂ ಹೊಂದದು ಎಂದು ಅವರೇ ಎಚ್ಚರಿಸಿದ್ದರು.

ಸಂಜೆ ಮಂಗಳೂರಿನಿಂದ ಉಡುಪಿಗೆ ಹೊರಡುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಆ 45 ಸೆಂಟಿಮೀಟರ್ ಯಾರಿಗೂ ಸಿಗುವುದಿಲ್ಲ. ಕುಳಿತವರು ನಿಂತವರ ಬ್ಯಾಗನ್ನು ತಾವಾಗಿಯೇ ಕೇಳಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ, ಗುರುತಿಲ್ಲದವರ ಮಗುವನ್ನೂ ಕೂರಿಸಿಕೊಳ್ಳುತ್ತಾರೆ. ಇದಿಷ್ಟನ್ನೇ ನೋಡಿ ನಮ್ಮವರಿಗೆ ಅಂತರದ ಪರಿವೆಯೇ ಇಲ್ಲ ಎನ್ನುವುದು ಸರಿಯಲ್ಲ. ಅದೇ ಬಸ್ಸಿನಿಂದಿಳಿದ ಗಂಡ ಹೆಂಡತಿ ಕೈ ಹಿಡಿದು ನಡೆಯಲು ಸಂಕೋಚಪಡುತ್ತಾರೆ. ರಥಬೀದಿಯ ಜನಜಂಗುಳಿಯಲ್ಲಿ ಮೈಗೆ ಮೈ ತಾಗಿಸಿ ನಿಂತವರು ಮಡಿಯಲ್ಲಿರುವವರು ಎದುರಾದರೆ ಸರಿದು ದಾರಿ ಬಿಡುತ್ತಾರೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರದಲ್ಲಂತೂ ನೆಂಟರಿಷ್ಟರೆಲ್ಲ ಸರದಿಯಂತೆ ಬಂದು ತಲೆ, ಮುಖ, ಕೈಗಳಿಗೆ ತೆಂಗಿನ ಹಾಲು ಹಚ್ಚುತ್ತಾರೆ. ಯಾರು, ಯಾವ ಹೊತ್ತಿನಲ್ಲಿ, ಎಲ್ಲಿಯ ತನಕ ಎಂಬುದು ನಮ್ಮಲ್ಲೂ ಖಚಿತವಾಗಿದೆ, ಬರೆದಿಟ್ಟಿಲ್ಲ, ಅಷ್ಟೇ.

ಗೆಳೆಯರಿಬ್ಬರು ಹೆಗಲ ಮೇಲೆ ಕೈ ಹಾಕಿ ನಡೆಯುವುದನ್ನು ಮಣಿಪಾಲಕ್ಕೆ ಹೊಸದಾಗಿ ಬಂದ ವಿದೇಶಿ ವಿದ್ಯಾರ್ಥಿ ಪ್ರೇಮವೆಂದು ಭಾವಿಸಬಹುದು. ಮಾತಿನ ನಡುವೆ ಆತ ಒಂದು ಹೆಜ್ಜೆ ಹಿಂದೆ ಸರಿದರೆ ನಮಗೆ ಅದು ಬಿಗುಮಾನವಾಗಿ ಕಾಣಬಹುದು.

42 ದೇಶಗಳ ಸುಮಾರು 9,000 ಜನರನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಪರಿಚಿತರನ್ನು ಅತಿ ದೂರ ಇಡಬಯಸಿದವರು ರೊಮೇನಿಯಾದವರು, ಅತಿ ಹತ್ತಿರ ಬಿಟ್ಟುಕೊಂಡವರು ಅರ್ಜೆಂಟೀನಾದವರು. ಮಹಿಳೆಯರು ಪುರುಷರಿಗಿಂತ ಹೆಚ್ಚು ಅಂತರ ಬಯಸಿದ್ದೂ ಅದರಲ್ಲಿ ಕಂಡುಬಂತು. ನನಗೆ ಮುಖ್ಯವೆನಿಸುವುದು ಈ ಕೊನೆಯ ಮಾತೇ. ತುಂಬಿದ ಬಸ್ಸಿನಲ್ಲಿ ಹುಡುಗಿಯೊಬ್ಬಳು ಬ್ಯಾಗನ್ನು ಬೆನ್ನಿನಿಂದ ತೆಗೆದು ಅಡ್ಡ ಹಿಡಿದುಕೊಂಡಳೆಂದರೆ ತನ್ನ ಗೆರೆ ಎಲ್ಲಿದೆ ಎಂದು ಆಕೆ ಹೇಳಿಯಾಯಿತು. ಅದನ್ನು ಕಂಡ ಮೇಲೂ ಒತ್ತಿಕೊಂಡೇ ನಿಲ್ಲುವವನು ಹೇಳುವ ‘ರಶ್ ಇತ್ತು’ ಎಂಬ ನೆಪವನ್ನು ಸುತ್ತಲಿನವರು ಒಪ್ಪಬಾರದು.