ಹೀಟರಿನ ಹೊಗೆ ಯಾವ ದಾರಿ ಹಿಡಿಯುತ್ತದೆ?

1994ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಟೆನಿಸ್ ಆಟಗಾರ ವಿಟಾಸ್ ಗೆರುಲೈಟಿಸ್ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ ಸ್ನೇಹಿತರೊಬ್ಬರ ಅತಿಥಿಗೃಹದಲ್ಲಿ ಮಲಗಿದ್ದರು. ಮಲಗಿದವರು ಏಳಲೇ ಇಲ್ಲ. 1977ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದ ಅವರಿಗೆ ಆಗ 40 ವರ್ಷ. ಅವರನ್ನು ಕೊಂದದ್ದು ಕಾರ್ಬನ್ ಮಾನಾಕ್ಸೈಡ್ ಅನಿಲ. ಅದು ಹುಟ್ಟಿದ್ದು ಈಜುಕೊಳದ ನೀರು ಬಿಸಿ ಮಾಡುವ ಹೀಟರಿನಲ್ಲಿ. ಆ ಹೀಟರನ್ನು ಸರಿಯಾಗಿ ಕೂರಿಸಿರಲಿಲ್ಲ. ಅದರ ಹೊಗೆ ಬಯಲಿಗೆ ಹೋಗುವ ಬದಲು ಅತಿಥಿಗೃಹದ ಒಳಗೆ ಸೇರಿಕೊಂಡಿತ್ತು.

ಹೀಟರ್ ಅಪಾಯ ಅಂದ ಕೂಡಲೇ ನಮಗೆ ಗ್ಯಾಸ್ ಸೋರುವುದು, ಬೆಂಕಿ ಹತ್ತುವುದು, ಸಿಲಿಂಡರ್ ಸಿಡಿಯುವುದು ನೆನಪಾಗುತ್ತದೆ. ಉರಿದು ಮುಗಿದ ಮೇಲೆ ಉಳಿಯುವ ಗಾಳಿ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಉರಿಯುವ ಯಾವ ಹೀಟರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ: ಗ್ಯಾಸ್ ಗೀಸರ್, ಬಾಯ್ಲರ್, ಸೌದೆ ಒಲೆ, ಸೀಮೆಎಣ್ಣೆ ಹೀಟರ್, ಇದ್ದಿಲಿನ ಅಗ್ಗಿಷ್ಟಿಕೆ. ಕರೆಂಟಿನ ಹೀಟರಿಗೆ ಬೇರೆ ತಾಪತ್ರಯಗಳಿವೆ, ಈ ತಾಪತ್ರಯ ಇಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ಅಡುಗೆ ಗ್ಯಾಸಿನಲ್ಲಿರುವ ಪ್ರೊಪೇನ್ ಅನಿಲ 1 ಕೆಜಿ ಪೂರ್ತಿ ಉರಿಯಬೇಕಾದರೆ ಸುಮಾರು 3.6 ಕೆಜಿ ಆಮ್ಲಜನಕ ಬೇಕು. ಉರಿದ ಮೇಲೆ 3 ಕೆಜಿ ಕಾರ್ಬನ್ ಡೈಆಕ್ಸೈಡ್, 1.6 ಕೆಜಿಯಷ್ಟು ನೀರಾವಿ ಸಿಗುತ್ತದೆ. ಅಷ್ಟು ಆಮ್ಲಜನಕ ಇರುವುದು ಸುಮಾರು 13 ಘನ ಮೀಟರ್ ಗಾಳಿಯಲ್ಲಿ. ಚಿಕ್ಕ ಬಚ್ಚಲುಮನೆಯೊಂದರಲ್ಲಿ ಹಿಡಿಯುವುದೇ 7 ಘನ ಮೀಟರ್ ಗಾಳಿ. ಅಲ್ಲಿ 10 ಕಿಲೋವಾಟ್‌ನ ಗ್ಯಾಸ್ ಗೀಸರ್ ಹಚ್ಚಿ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದ್ದೀರಿ ಎಂದುಕೊಳ್ಳಿ. ಗಾಳಿ ಎಲ್ಲಿಂದಲೂ ಬರದಿದ್ದರೆ ಹತ್ತೇ ನಿಮಿಷದಲ್ಲಿ ಆ ಕೋಣೆಯ ಆಮ್ಲಜನಕ ಶೇ 21ರಿಂದ 16ರ ಹತ್ತಿರಕ್ಕೆ ಇಳಿಯುತ್ತದೆ. ಸ್ನಾನ ಇನ್ನೂ ಮುಗಿದಿರುವುದಿಲ್ಲ.

ಆದರೆ ಕೆಲಸ ಕೆಡುವುದಕ್ಕೆ 16ರವರೆಗೆ ಕಾಯಬೇಕಾಗಿಲ್ಲ. ಆಮ್ಲಜನಕ ಕಮ್ಮಿಯಾದ ಹಾಗೆ ಬೆಂಕಿಗೆ ತನ್ನ ಇಂಧನವನ್ನು ಪೂರ್ತಿ ಸುಡಲು ಆಗುವುದಿಲ್ಲ. ಇಂಗಾಲದ ಒಂದು ಪರಮಾಣುವಿಗೆ ಎರಡು ಆಮ್ಲಜನಕ ಸಿಕ್ಕಿದರೆ ಕಾರ್ಬನ್ ಡೈಆಕ್ಸೈಡ್. ಒಂದೇ ಸಿಕ್ಕಿದರೆ ಕಾರ್ಬನ್ ಮಾನಾಕ್ಸೈಡ್. ಕೋಣೆಯ ಆಮ್ಲಜನಕ ಶೇ 18ರ ಆಸುಪಾಸಿಗೆ ಬಂದರೆ ಗ್ಯಾಸ್ ತಾನಾಗಿ ಬಂದ್ ಆಗುವ ಸೆನ್ಸರ್ ಕೆಲವು ಹೀಟರ್‌ಗಳಲ್ಲಿ ಇರುವುದು ಇದಕ್ಕೇ. ಇಲ್ಲದ ಹೀಟರ್‌ಗಳು ಉರಿಯುತ್ತಲೇ ಇರುತ್ತವೆ. ತಾವು ಬಿಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಂಡು, ಇನ್ನಷ್ಟು ಕೆಟ್ಟದಾಗಿ ಉರಿಯುತ್ತವೆ. ಹೊಸ ಹೀಟರ್, ಒಳ್ಳೆಯ ಕಂಪನಿಯದು, ನೀಲಿ ಜ್ವಾಲೆ ಅನ್ನುವ ಸಮಾಧಾನ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಹೊಗೆ ಕೊಳವೆ ಇದ್ದರೆ ಸಾಕಲ್ವಾ? ಸಾಲದು. ನನ್ನ ಪ್ರಕಾರ ಜನ ಎಡವುವುದೇ ಇಲ್ಲಿ.

ಸಾಮಾನ್ಯ ಹೊಗೆ ಕೊಳವೆಯಲ್ಲಿ ಯಾವ ಮೋಟರ್ರೂ ಇರುವುದಿಲ್ಲ. ಬಿಸಿ ಗಾಳಿ ಹಗುರ, ಆದ್ದರಿಂದ ಮೇಲೇರುತ್ತದೆ. ಅಷ್ಟೇ ಅದರ ಬಲ. ಆ ಸೆಳೆತ ಎಷ್ಟು ದುರ್ಬಲ ಎಂದರೆ, ಸಾಮಾನ್ಯ ಗ್ಯಾಸ್ ಹೀಟರಿನ ಕೊಳವೆಯಲ್ಲಿ ಅದು ಕೆಲವೇ ಪಾಸ್ಕಲ್ ಇರುತ್ತದೆ. 5 ಪಾಸ್ಕಲ್ ಅಂದರೆ ಅರ್ಧ ಮಿಲಿಮೀಟರ್ ದಪ್ಪದ ನೀರಿನ ಪದರ ಹಾಕುವ ಒತ್ತಡ. ನಮ್ಮ ಮೇಲೆ ಸದಾ ಇರುವ ವಾತಾವರಣದ ಒತ್ತಡ 1 ಲಕ್ಷ ಪಾಸ್ಕಲ್‌ಗೂ ಜಾಸ್ತಿ. ಇಷ್ಟು ಸಣ್ಣ ತಳ್ಳಾಟದ ಮೇಲೆ ಮನೆಮಂದಿಯ ಜೀವ ನಿಂತಿರುತ್ತದೆ.

ಈಗ ಅದೇ ಮನೆಯ ಅಡುಗೆಮನೆಯಲ್ಲಿ ಜೋರಾದ ಎಕ್ಸಾಸ್ಟ್ ಫ್ಯಾನ್ ಹಾಕಿ. ಅದು ಒಳಗಿನ ಗಾಳಿಯನ್ನು ಹೊರಗೆ ದೂಡುತ್ತದೆ. ಹೋದಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಗಳಗಳ ಅಂತ ಸದ್ದು ಮಾಡುತ್ತದೆಯೇ ಹೊರತು ಸರಾಗವಾಗಿ ಸುರಿಯುವುದಿಲ್ಲ. ಇನ್ನೊಂದು ತೂತು ಬೇಕೇ ಬೇಕು. ಮನೆಯಲ್ಲೂ ಹಾಗೇ. ಕಿಟಕಿ ಬಾಗಿಲುಗಳಲ್ಲಿ ಸಂದು ಇದ್ದರೆ ಗಾಳಿ ಅಲ್ಲಿಂದ ಬರುತ್ತದೆ. ಎಲ್ಲವೂ ಬಿಗಿಯಾಗಿದ್ದರೆ ಉಳಿದಿರುವ ಒಂದೇ ದಾರಿ ಹೊಗೆ ಕೊಳವೆ. ಆಗ ಮೇಲೇರಬೇಕಾದ ಹೊಗೆ ಅದೇ ಕೊಳವೆಯಲ್ಲಿ ಕೆಳಗಿಳಿದು ಕೋಣೆಗೆ ಬರುತ್ತದೆ. ಫ್ಯಾನ್ ಚೆನ್ನಾಗಿದೆ, ಹೀಟರ್ ಚೆನ್ನಾಗಿದೆ, ಕೊಳವೆಯಲ್ಲೂ ತೂತಿಲ್ಲ. ಮೂರೂ ಒಟ್ಟಿಗೆ ಸೇರಿದಾಗ ಮಾತ್ರ ಮನೆ ವಿಷದ ಡಬ್ಬಿಯಾಗುತ್ತದೆ.

ಹಾಗಾಗಿ ಹತ್ತು ವರ್ಷ ಏನೂ ತೊಂದರೆ ಕೊಡದ ಹೀಟರ್ ಒಂದು ದಿನ ಇದ್ದಕ್ಕಿದ್ದಂತೆ ಅಪಾಯಕಾರಿ ಆಗಬಹುದು. ಅದರಲ್ಲಿ ಏನೂ ಬದಲಾಗಿರುವುದಿಲ್ಲ. ಹಳೆಯ ಮರದ ಕಿಟಕಿ ತೆಗೆಸಿ ಗಾಳಿ ನುಸುಳದ ಹೊಸ ಕಿಟಕಿ ಹಾಕಿಸಿರುತ್ತಾರೆ. ಚಳಿ ಬರುತ್ತದೆ ಅಂತ ಗೋಡೆಯ ಕಿಂಡಿಗೆ ಬಟ್ಟೆ ತುರುಕಿರುತ್ತಾರೆ. ಬಟ್ಟೆ ಒಣಗಿಸುವ ಯಂತ್ರ ತಂದಿರುತ್ತಾರೆ, ಅದೂ ಮನೆಯ ಗಾಳಿಯನ್ನು ಹೊರಗೆ ದೂಡುತ್ತದೆ.

ಚಿಮಣಿ ಇರುವ ಮನೆಗಳಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಮನೆ ಬೆಚ್ಚಗಿಡುವ ದೊಡ್ಡ ಹಳೆಯ ಬಾಯ್ಲರ್ ಮತ್ತು ನೀರು ಕಾಯಿಸುವ ಚಿಕ್ಕ ಹೀಟರ್ ಎರಡಕ್ಕೂ ಒಂದೇ ಚಿಮಣಿ ಇದೆ ಅನ್ನಿ. ಮನೆಯವರು ಗ್ಯಾಸ್ ಉಳಿಯಲಿ ಅಂತ ಬಾಯ್ಲರ್ ಬದಲಾಯಿಸುತ್ತಾರೆ. ಹೊಸತು ತನ್ನ ಹೊಗೆಯನ್ನು ಪಕ್ಕದ ಗೋಡೆಯ ಪೈಪಿನಿಂದ ಬಿಡುತ್ತದೆ. ದೊಡ್ಡ ಚಿಮಣಿಗೆ ಈಗ ಉಳಿದಿರುವುದು ಚಿಕ್ಕ ಹೀಟರ್ ಒಂದೇ. ಅದರ ಅಲ್ಪಸ್ವಲ್ಪ ಬಿಸಿ ಅಷ್ಟಗಲದ ಚಿಮಣಿಯನ್ನು ಕಾಯಿಸಲಾರದು. ಹೊಗೆ ಅರ್ಧ ದಾರಿಯಲ್ಲೇ ತಣ್ಣಗಾಗುತ್ತದೆ, ನೀರಾವಿ ಹನಿಯಾಗಿ ಗೋಡೆಗೆ ಅಂಟುತ್ತದೆ. ಆ ನೀರಿನಲ್ಲಿ ಆಮ್ಲದ ಅಂಶ ಇರುವುದರಿಂದ ಚಿಮಣಿಯ ಒಳಗೋಡೆಯನ್ನು ಮೆಲ್ಲಗೆ ತಿನ್ನುತ್ತದೆ. ಉದುರಿದ ಚೂರು ಕೆಳಗೆ ಬಿದ್ದು ದಾರಿ ಮುಚ್ಚುತ್ತದೆ. ಉಳಿತಾಯಕ್ಕೆ ಮಾಡಿದ ಕೆಲಸ ಎಲ್ಲಿಗೆ ಬಂದು ನಿಂತಿತು ನೋಡಿ. ಇನ್ನು ಹಕ್ಕಿ ಗೂಡು, ಕಳಚಿದ ಜಾಯಿಂಟು, ತುಕ್ಕು ಹಿಡಿದ ಕೊಳವೆಯ ತಿರುವು, ಹಿಮ ಅಥವಾ ಎಲೆ ಮುಚ್ಚಿದ ಬಾಯಿ, ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಹುಡುಕಿದರೆ ಸಿಗುತ್ತವೆ.

ಕೊಳವೆಯೇ ಇಲ್ಲದ ಸಾಧನಗಳಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯಷ್ಟು ಮೋಸದ್ದು ಇನ್ನೊಂದಿಲ್ಲ. ಸೌದೆಯ ಹೊಗೆ ಕಣ್ಣಲ್ಲಿ ನೀರು ತರಿಸುತ್ತದೆ, ಕೆಮ್ಮಿಸುತ್ತದೆ, ಓಡಿಸುತ್ತದೆ. ಇದ್ದಿಲು ಹಾಗಲ್ಲ. ಕೆಂಪಗೆ ಸದ್ದಿಲ್ಲದೆ ಉರಿಯುತ್ತದೆ, ಹೊಗೆ ಕಾಣುವುದಿಲ್ಲ. ಆದರೆ ಬೂದಿ ಮುಚ್ಚಿದ ಕೆಂಡ ಕಾರ್ಬನ್ ಮಾನಾಕ್ಸೈಡನ್ನು ಧಾರಾಳವಾಗಿ ಬಿಡುತ್ತದೆ. ರಾತ್ರಿ ಬಾಗಿಲು ಮುಚ್ಚಿ ಅದನ್ನು ಮಂಚದ ಪಕ್ಕ ಇಟ್ಟುಕೊಳ್ಳುವುದಕ್ಕಿಂತ ಚಳಿಯಲ್ಲಿ ನಡುಗುವುದೇ ವಾಸಿ.

ಈಗ ದೇಹದ ಕಡೆ ಬರೋಣ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಡುಗೆ ಗ್ಯಾಸಿಗೆ ವಾಸನೆ ಬರಲೆಂದೇ ಬೆರೆಸುವ ಗಂಧಕದ ವಸ್ತುವೊಂದಿದೆ. ಆದರೆ ಅದೂ ಜ್ವಾಲೆಯಲ್ಲಿ ಸುಟ್ಟುಹೋಗುತ್ತದೆ. ಉರಿಯದ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಕೆಟ್ಟದಾಗಿ ಉರಿದ ಗ್ಯಾಸ್ ಗೊತ್ತಾಗುವುದಿಲ್ಲ. ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ, ಇದು ಇನ್ನೂ ಕೆಟ್ಟದ್ದು. ಉಸಿರು ಬಿಗಿಹಿಡಿದಾಗ ಆಗುವ ಸಂಕಟ ಹೆಚ್ಚಾಗಿ ರಕ್ತದಲ್ಲಿ ಏರುವ ಕಾರ್ಬನ್ ಡೈಆಕ್ಸೈಡಿನದು. ಇಲ್ಲಿ ಉಸಿರಾಟ ಸಲೀಸಾಗಿ ನಡೆದಿರುವುದರಿಂದ ಅದು ಹೊರಗೆ ಹೋಗುತ್ತಲೇ ಇರುತ್ತದೆ. ದೇಹಕ್ಕೆ ಯಾವ ಎಚ್ಚರಿಕೆಯೂ ಸಿಗುವುದಿಲ್ಲ.

ಆದರೆ ರಕ್ತದೊಳಗೆ ಬೇರೆಯೇ ಆಟ ನಡೆದಿರುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಕಾರ್ಬನ್ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಶೇ 0.1ರಷ್ಟೇ ಇದ್ದರೂ ಗಂಟೆಗಟ್ಟಲೆ ಉಸಿರಾಡಿದರೆ ಅರ್ಧಕ್ಕೂ ಜಾಸ್ತಿ ಹಿಮೋಗ್ಲೋಬಿನ್ ಅದರ ಪಾಲಾಗುತ್ತದೆ. ಇಲ್ಲೊಂದು ಪ್ರಶ್ನೆ ಏಳುತ್ತದೆ. ತೀವ್ರ ರಕ್ತಹೀನತೆ ಇರುವವರಲ್ಲಿ ಹಿಮೋಗ್ಲೋಬಿನ್ ಅರ್ಧದಷ್ಟೇ ಇರುತ್ತದೆ. ಆದರೂ ಅವರು ಓಡಾಡಿಕೊಂಡಿರುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಅರ್ಧ ಹಿಡಿದರೆ ಮನುಷ್ಯ ಕುಸಿದು ಬೀಳುತ್ತಾನೆ. ಯಾಕೆ? ಒಂದು ಹಿಮೋಗ್ಲೋಬಿನ್ ಕಣದಲ್ಲಿ ಆಮ್ಲಜನಕ ಕೂರುವ ಜಾಗ ನಾಲ್ಕು. ಒಂದೆರಡರಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂತರೆ, ಉಳಿದ ಜಾಗದ ಆಮ್ಲಜನಕವೂ ಬಿಗಿಯಾಗಿ ಅಂಟಿಕೊಂಡುಬಿಡುತ್ತದೆ. ಮೆದುಳು, ಹೃದಯ ಕೇಳಿದಾಗ ಬಿಟ್ಟುಕೊಡುವುದಿಲ್ಲ. ಸ್ಕಾಟ್ಲೆಂಡ್ ಮೂಲದ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ತಾವೇ ಉಸಿರಾಡಿ, ತಮ್ಮ ರಕ್ತದಲ್ಲಿ ಅದು ಏರುವುದನ್ನು ಅಳೆದಿದ್ದರು. ಗಣಿಗಳಲ್ಲಿ ಈ ಅನಿಲ ಕಂಡುಹಿಡಿಯಲು ಸಣ್ಣ ಪ್ರಾಣಿಗಳನ್ನು ಬಳಸಿ ಎಂದು ಸಲಹೆ ಕೊಟ್ಟವರೂ ಅವರೇ. ಅಂಥ ಧೈರ್ಯವನ್ನು ಯಾರೂ ಅನುಕರಿಸಬೇಕಾಗಿಲ್ಲ.

ಲಕ್ಷಣಗಳು ಬಹಳ ಮಾಮೂಲಿ: ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಫ್ಲೂ ಅನ್ನಿಸುತ್ತದೆ, ಆದರೆ ಜ್ವರ ಇರುವುದಿಲ್ಲ. 1902ರಲ್ಲಿ ಪ್ಯಾರಿಸ್‌ನಲ್ಲಿ ಲೇಖಕ ಎಮಿಲ್ ಝೋಲಾ ತೀರಿಕೊಂಡದ್ದು ಮಲಗುವ ಕೋಣೆಯ ಚಿಮಣಿಯ ಹೊಗೆ ಹೊರಗೆ ಹೋಗದೆ. ಅದೇ ಕೋಣೆಯಲ್ಲಿದ್ದ ಅವರ ಹೆಂಡತಿ ಬದುಕಿಕೊಂಡರು. ರಾತ್ರಿ ಇಬ್ಬರಿಗೂ ಮೈ ಸರಿಯಿರಲಿಲ್ಲ. ಒಟ್ಟಿಗೆ ಹುಷಾರು ತಪ್ಪಿದ್ದೇ ಸುಳಿವಾಗಿತ್ತು. ಸೋಂಕು ಒಬ್ಬರಿಂದ ಒಬ್ಬರಿಗೆ ದಾಟಲು ಒಂದೆರಡು ದಿನವಾದರೂ ಬೇಕು. ವಿಷಗಾಳಿ ಮನೆಯಲ್ಲಿದ್ದವರನ್ನೆಲ್ಲ ಒಂದೇ ಹೊತ್ತಿಗೆ ಹಿಡಿಯುತ್ತದೆ. ಹೊರಗೆ ಹೋದಾಗ ತಲೆನೋವು ಇಳಿದು, ಮನೆಗೆ ಬಂದ ಮೇಲೆ ಮತ್ತೆ ಶುರುವಾದರೆ ಮಾತ್ರೆ ನುಂಗುವ ಮುಂಚೆ ಹೀಟರ್ ಕಡೆ ನೋಡಿ. ಬಸುರಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಾಯಿಯ ರಕ್ತ ತಿಳಿಯಾದ ಮೇಲೂ ಹೊಟ್ಟೆಯಲ್ಲಿರುವ ಮಗುವಿನ ರಕ್ತದಲ್ಲಿ ವಿಷ ಹೆಚ್ಚು ಹೊತ್ತು ಉಳಿಯುತ್ತದೆ.

ಒಂದು ಸಾಧನವನ್ನು ಮಾತ್ರ ಇಲ್ಲಿ ನಂಬಬೇಡಿ: ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಅದು ಬೆಳಕು ಹಾಯಿಸಿ ರಕ್ತದ ಬಣ್ಣ ನೋಡುತ್ತದೆ. ಕಾರ್ಬನ್ ಮಾನಾಕ್ಸೈಡ್ ತುಂಬಿದ ಹಿಮೋಗ್ಲೋಬಿನ್ ಅದಕ್ಕೆ ಆಮ್ಲಜನಕ ತುಂಬಿದ ಹಾಗೆಯೇ ಕಾಣುತ್ತದೆ. ಮನುಷ್ಯ ಸಾಯುವ ಸ್ಥಿತಿಯಲ್ಲಿದ್ದರೂ ಪರದೆಯ ಮೇಲೆ 98 ಅಂತ ಬರಬಹುದು. ಸರಿಯಾಗಿ ತಿಳಿಯಲು ಬೇರೆಯೇ ರಕ್ತಪರೀಕ್ಷೆ ಬೇಕು. ಆದ್ದರಿಂದ ಆಸ್ಪತ್ರೆಗೆ ಹೋದಾಗ "ಮನೆಯಲ್ಲಿ ಗ್ಯಾಸ್ ಹೀಟರ್ ಉರಿಯುತ್ತಿತ್ತು" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ವೈದ್ಯರಿಗೂ ಹೊಳೆಯದೆ ಹೋಗಬಹುದು. ಚಿಕಿತ್ಸೆ ಅಂದರೆ ಆಮ್ಲಜನಕವೇ. ಸುಮ್ನೆ ಹೊರಗಿನ ಗಾಳಿ ಕುಡಿಯುತ್ತಿದ್ದರೆ ರಕ್ತದ ವಿಷ ಅರ್ಧಕ್ಕೆ ಇಳಿಯಲು 4–5 ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ. ಗುಣವಾಗಿ ಮನೆಗೆ ಹೋದ ಕೆಲವರಲ್ಲಿ ವಾರಗಳ ನಂತರ ಮರೆವು, ನಡಿಗೆಯ ತೊಂದರೆ ಕಾಣಿಸಿಕೊಳ್ಳುವುದೂ ಉಂಟು.

ಮನೆಯಲ್ಲಿ ಉರಿಯುವ ಹೀಟರ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೊಗೆಯ ಅಲಾರಂ ಬೇರೆ, ಇದು ಬೇರೆ. ಇದರೊಳಗಿನ ಪುಟ್ಟ ರಾಸಾಯನಿಕ ಕೋಶಕ್ಕೆ ಈ ಅನಿಲ ತಾಗಿದರೆ ಕರೆಂಟು ಹುಟ್ಟುತ್ತದೆ. ಅನಿಲ ಜಾಸ್ತಿ ಇದ್ದಷ್ಟೂ ಕರೆಂಟು ಜಾಸ್ತಿ. ಅಮೆರಿಕದ ಮಾನದಂಡದ ಪ್ರಕಾರ 70 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು ಅನಿಲ ಇದ್ದರೆ ಅದು 1ರಿಂದ 4 ಗಂಟೆಯೊಳಗೆ ಕೂಗಬೇಕು, 400 ಇದ್ದರೆ 4ರಿಂದ 15 ನಿಮಿಷದೊಳಗೆ. ಮಲಗುವ ಕೋಣೆಯ ಹತ್ತಿರ, ನಿದ್ದೆಯಲ್ಲೂ ಕೇಳುವ ಹಾಗೆ ಹಾಕಿ. ಕೋಶಕ್ಕೂ ಆಯಸ್ಸಿದೆ, ಹಿಂಬದಿಯಲ್ಲಿ ಬರೆದ ವರ್ಷ ದಾಟಿದರೆ ಬದಲಾಯಿಸಿ. ಅದು ಕೂಗಿದರೆ ಕಾರಣ ಹುಡುಕುತ್ತಾ ಒಳಗೆ ನಿಲ್ಲಬೇಡಿ. ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ.

ಅಲಾರಂ ಕೊನೆಯ ಕಾವಲು. ಅದಕ್ಕೂ ಮುಂಚೆ ಸಿಗುವ ಸುಳಿವುಗಳಿವೆ: ಹೀಟರ್ ಸುತ್ತ ಕಪ್ಪು ಮಸಿ, ನೀಲಿ ಬದಲು ಹಳದಿ ಜ್ವಾಲೆ, ಹೀಟರ್ ಉರಿದಾಗ ಕಿಟಕಿ ಗಾಜಿನ ಮೇಲೆ ಕೂರುವ ನೀರು. ಆದರೆ ಬಚ್ಚಲುಮನೆಯಲ್ಲಿ ಗಾಜು ಹೇಗೂ ಮಂಜಾಗುತ್ತದೆ, ಅಲ್ಲಿ ಈ ಸುಳಿವು ಸಿಗುವುದಿಲ್ಲ. ಬಚ್ಚಲಿನ ಗೀಸರನ್ನು ಹೊರಗಿನ ಗೋಡೆಗೆ ಸಾಗಿಸಿ, ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳಗೆ ತರುವುದು ಒಳ್ಳೆಯದು. ಆದರೆ ಅದರ ಹೊಗೆಯ ಬಾಯಿ ಯಾವ ಕಿಟಕಿಯ ಕೆಳಗೂ ಬರಬಾರದು. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು, ಹೊಗೆಯನ್ನೂ ಹೊರಗೇ ಬಿಡುವ ಮುಚ್ಚಿದ ಮಾದರಿಯ ಹೀಟರ್‌ಗಳೂ ಸಿಗುತ್ತವೆ. ಕೋಣೆಯ ಗಾಳಿಗೂ ಅವಕ್ಕೂ ಸಂಬಂಧವೇ ಇರುವುದಿಲ್ಲ. ಹೊಸತು ಕೊಳ್ಳುವುದಾದರೆ ನಾನು ಹೇಳುವುದು ಅದನ್ನೇ.

ಹಳೆಯದನ್ನೇ ಉಳಿಸಿಕೊಂಡರೆ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಿ. ಮೆಕ್ಯಾನಿಕ್ ಸಾಮಾನ್ಯವಾಗಿ ಬಾಗಿಲು ತೆರೆದಿಟ್ಟು, ಬರ್ನರ್ ಒರೆಸಿ, ಜ್ವಾಲೆ ನೋಡಿ ಹೊರಡುತ್ತಾರೆ. ಅವರನ್ನು ನಿಲ್ಲಿಸಿ. ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಎಲ್ಲಾ ಎಕ್ಸಾಸ್ಟ್ ಫ್ಯಾನ್‌ಗಳನ್ನೂ ಹಾಕಿಸಿ. ಆಮೇಲೆ ಹೀಟರ್ ಹಚ್ಚಿ, ಕೊಳವೆ ಶುರುವಾಗುವ ಕಡೆ ಹೊಗೆಯಾಡುವ ಕಡ್ಡಿ ಹಿಡಿಯಲು ಹೇಳಿ. ತಣ್ಣಗಿರುವ ಕೊಳವೆ ಬಿಸಿಯಾಗಲು ಕೆಲವು ನಿಮಿಷ ಬಿಡಿ. ಅಷ್ಟಾದ ಮೇಲೂ ಕಡ್ಡಿಯ ಹೊಗೆ ಕೊಳವೆಯೊಳಗೆ ಹೋಗದೆ ನಿಮ್ಮ ಕಡೆ ತಿರುಗಿದರೆ ಆ ಹೀಟರನ್ನು ಅವತ್ತೇ ಬಂದ್ ಮಾಡಿ.