ಒಂದೇ ಅಣು, ಹಲವು ಹರಳು: ಔಷಧದ 'ಫಾರ್ಮ್' ಜಗಳ ಇಲ್ಲಿಯವರೆಗೆ ಬಂದ ದಾರಿ

ಮಾತ್ರೆಯ ಪಟ್ಟಿಯ ಬೆನ್ನಿಗೆ ಅಣುವಿನ ಹೆಸರು ಅಚ್ಚಾಗಿರುತ್ತದೆ, ಎಷ್ಟು ಮಿಲಿಗ್ರಾಂ ಎಂದಿರುತ್ತದೆ, ತಯಾರಾದ ತಿಂಗಳೂ ಅವಧಿ ಮುಗಿಯುವ ತಿಂಗಳೂ ಇರುತ್ತವೆ. ಆ ಅಣುಗಳು ಒಂದರ ಪಕ್ಕ ಒಂದು ಹೇಗೆ ಸೇರಿಕೊಂಡು ಹರಳಾಗಿವೆ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಹೀಗೆ ಬರೆಯದೆ ಬಿಟ್ಟ ಒಂದು ಸಂಗತಿಯಿಂದಾಗಿ ಔಷಧಗಳು ಮಾರುಕಟ್ಟೆಯಿಂದ ಹಿಂದೆ ಸರಿದಿವೆ, ಅಮೆರಿಕದ ಮತ್ತು ಭಾರತದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. ಪತ್ರಿಕೆಯಲ್ಲಿ ಇದು ಪೇಟೆಂಟ್ ಜಗಳವಾಗಿ ಬರುತ್ತದೆ. ಪ್ರಯೋಗಾಲಯದಲ್ಲಿ 'ಫಾರ್ಮ್ ಬದಲಾಗಿಬಿಟ್ಟಿದೆ' ಎಂಬ ಗೊಣಗಾಟವಾಗಿ ಕೇಳುತ್ತದೆ. ಮೂಲ ಒಂದೇ.

ವಜ್ರವೂ ಗ್ರಾಫೈಟೂ ಇಂಗಾಲವೇ ಎಂದು ಶಾಲೆಯಲ್ಲಿ ಓದಿದ್ದೇವೆ. ಔಷಧಗಳಲ್ಲಿ ಆಗುವುದು ಅದಕ್ಕಿಂತ ನಯವಾದದ್ದು. ಅಣುವಿನೊಳಗಿನ ಬಂಧಗಳು ಹಾಗೆಯೇ ಇರುತ್ತವೆ, ಅಣುಗಳು ಸಾಲುಗಟ್ಟುವ ಬಗೆ ಮಾತ್ರ ಬದಲಾಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಬಹುರೂಪತೆ ಎಂದು ಹೆಸರು, ಕಾರ್ಖಾನೆಯಲ್ಲಿ ಪಾಲಿಮಾರ್ಫ್, ದಿನದ ಮಾತಿನಲ್ಲಿ ಬರೀ ಫಾರ್ಮ್ 1, ಫಾರ್ಮ್ 2. ನಿಧಾನವಾಗಿ ಆರಿದ ತುಪ್ಪ ಹರಳು ಹರಳಾಗುತ್ತದೆ, ಫ್ರಿಜ್ಜಿಗಿಟ್ಟದ್ದು ನುಣ್ಣಗೆ ಗಟ್ಟಿಯಾಗುತ್ತದೆ. ಅದು ಬಹುಮಟ್ಟಿಗೆ ಹರಳಿನ ಗಾತ್ರದ ಮಾತು. ಇಲ್ಲಿನದು ಜೋಡಣೆಯ ಮಾತು, ಕಣ್ಣಿಗೆ ಎರಡೂ ಬಿಳಿ ಪುಡಿಯೇ.

ಎರಡು ರೂಪಗಳ ನಡುವಿನ ಶಕ್ತಿಯ ಅಂತರ ಸಾಮಾನ್ಯವಾಗಿ ಮೋಲ್‌ಗೆ ಕೆಲವೇ ಕಿಲೊಜೌಲ್. ಕಡಿಮೆ ಎನ್ನಿಸಬಹುದು. ಆದರೆ ಕರಗುವಿಕೆಯ ಲೆಕ್ಕ ಘಾತಾಂಕದಲ್ಲಿ ಓಡುವುದರಿಂದ, ಒಂದು ರೂಪ ಇನ್ನೊಂದಕ್ಕಿಂತ ನಾಲ್ಕೈದು ಪಟ್ಟು ಕಡಿಮೆ ಕರಗಲು ಮೂರ್ನಾಲ್ಕು ಕಿಲೊಜೌಲ್ ಸಾಕು. ಹೊಟ್ಟೆಗೆ ಹೋದ ಮಾತ್ರೆ ಕರಗದಿದ್ದರೆ ಅಣು ಎಷ್ಟು ಶುದ್ಧವಾಗಿದ್ದರೇನು, ರಕ್ತಕ್ಕೆ ಸೇರುವುದಿಲ್ಲ.

ವಿಷಯ ಹೊಸದೇನಲ್ಲ. 1820ರ ದಶಕದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಮಿಟ್ಷರ್ಲಿಕ್ ಲವಣಗಳಲ್ಲೂ ಗಂಧಕದಲ್ಲೂ ಇದನ್ನು ಗುರುತಿಸಿದ್ದರು. 1832ರಲ್ಲಿ ವೋಲರ್ ಮತ್ತು ಲೀಬಿಗ್ ಬೆಂಜಮೈಡ್‌ನ ಬಿಸಿ ದ್ರಾವಣವನ್ನು ಆರಿಸಿದಾಗ ರೇಷ್ಮೆಯಂಥ ಸೂಜಿಗಳು ಬಂದವು, ಸ್ವಲ್ಪ ಕಾಲ ಬಿಟ್ಟರೆ ಅವೇ ಬೇರೆ ಆಕಾರದ ದಪ್ಪ ಹರಳುಗಳಾದವು. ಆ ಸೂಜಿಗಳ ಒಳರಚನೆ ಬಿಡಿಸಲು 21ನೇ ಶತಮಾನವೇ ಬರಬೇಕಾಯಿತು. 1897ರಲ್ಲಿ ಆಸ್ಟ್‌ವಾಲ್ಡ್ ಒಂದು ನಿಯಮ ಹೇಳಿದರು: ಮೊದಲು ಹುಟ್ಟುವುದು ಬಹಳ ಸಲ ಅತ್ಯಂತ ಸ್ಥಿರವಾದ ರೂಪವಲ್ಲ, ಸುಲಭವಾಗಿ ಹುಟ್ಟಬಲ್ಲ ರೂಪ, ಸ್ಥಿರವಾದದ್ದು ಹಂತ ಹಂತವಾಗಿ ಆಮೇಲೆ ಬರುತ್ತದೆ. 1965ರಲ್ಲಿ ಸೂಕ್ಷ್ಮದರ್ಶಕ ತಜ್ಞ ಮೆಕ್ರೋನ್ ಇನ್ನೂ ಮುಂದೆ ಹೋಗಿ, ಒಂದು ವಸ್ತುವಿಗೆ ಎಷ್ಟು ರೂಪ ಗೊತ್ತಿದೆ ಎಂಬುದು ಅದರ ಮೇಲೆ ಸುರಿದ ಕಾಲ ಮತ್ತು ಹಣವನ್ನು ಅವಲಂಬಿಸಿದೆ ಎಂದರು. ತಮಾಷೆಯ ಮಾತಿನಂತಿದ್ದರೂ ಮುಂದೆ ನಡೆದದ್ದೆಲ್ಲ ಅದಕ್ಕೇ ಸಾಕ್ಷಿ.

ಔಷಧ ಲೋಕಕ್ಕೆ ಮೊದಲ ಪಾಠ ಸಿಕ್ಕಿದ್ದು ಕ್ಲೋರಾಂಫೆನಿಕಾಲ್ ಪಾಮಿಟೇಟ್‌ನಿಂದ, 1960ರ ದಶಕದಲ್ಲಿ. ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್‌ನ ಕಹಿ ಮಕ್ಕಳಿಗೆ ತಿಳಿಯದಿರಲೆಂದು ಮಾಡಿದ ಸಂಯುಕ್ತ ಇದು. ಕರುಳಿನ ಕಿಣ್ವ ಇದನ್ನು ಒಡೆದಾಗಲೇ ಔಷಧ ಹೊರಬರುತ್ತದೆ. ಬಿ ರೂಪವನ್ನು ಕಿಣ್ವ ಸಲೀಸಾಗಿ ಒಡೆಯುತ್ತದೆ. ಹೆಚ್ಚು ಸ್ಥಿರವಾದ ಎ ರೂಪ ಒಡೆಯುವುದೇ ಕಷ್ಟ, ರಕ್ತದಲ್ಲಿ ಔಷಧ ಏರುವುದಿಲ್ಲ. ಔಷಧಗಳ ಗುಣಮಟ್ಟ ನಿಗದಿಪಡಿಸುವ ಔಷಧಕೋಶಗಳು ಎ ರೂಪ ಶೇ 10 ಮೀರಬಾರದೆಂದು ಮಿತಿ ಹಾಕಿದವು. ಪಾಠ ಅಲ್ಲಿಗೇ ಎಲ್ಲರಿಗೂ ತಲುಪಬೇಕಿತ್ತು.

ಪರೀಕ್ಷೆಯ ಮೇಜಿನ ಮೇಲೆ

ಫಾರ್ಮ್ ಯಾವುದು ಎಂದು ತಿಳಿಯಲು ಮುಖ್ಯವಾಗಿ ಎರಡು ದಾರಿ. ಒಂದು, ಪುಡಿಯ ಮೇಲೆ ಎಕ್ಸ್-ರೇ ಬಿಟ್ಟು ಅದು ಚೆದುರುವ ಕೋನಗಳನ್ನು ಓದುವುದು. ಸಾಮಾನ್ಯವಾಗಿ 3ರಿಂದ 40 ಡಿಗ್ರಿವರೆಗೆ. ಪ್ರತಿ ಜೋಡಣೆಗೂ ಅದರದೇ ಶಿಖರಗಳ ಸಾಲು ಇರುತ್ತದೆ, ಬೆರಳಚ್ಚಿನಂತೆ. ತಪ್ಪುವುದು ಎಲ್ಲಿ? ಸೂಜಿಯಂಥ, ತಗಡಿನಂಥ ಹರಳುಗಳು ತಟ್ಟೆಯಲ್ಲಿ ಒಂದೇ ಮಗ್ಗುಲಾಗಿ ಮಲಗುತ್ತವೆ. ಆಗ ಕೆಲವು ಶಿಖರ ವಿಪರೀತ ಎತ್ತರವಾಗಿ, ಕೆಲವು ಮಾಯವಾಗಿ ಹೊಸ ರೂಪವೇ ಸಿಕ್ಕಿತೆಂಬ ಭ್ರಮೆ ಹುಟ್ಟುತ್ತದೆ. ಅದನ್ನು ತಪ್ಪಿಸಲು ಪುಡಿಯನ್ನು ಖಲ್ಲಿನಲ್ಲಿ ಅರೆಯುತ್ತಾರೆ. ಜೋರಾಗಿ ಅರೆದರೆ ಆ ಒತ್ತಡಕ್ಕೇ ರೂಪ ಬದಲಾಗಬಹುದು! ಹಾಗಾಗಿ ಅರೆಯುವ ಮೊದಲೊಂದು, ಅರೆದ ಮೇಲೊಂದು ಓದು ತೆಗೆದಿಡುವುದು ಒಳ್ಳೆಯ ಅಭ್ಯಾಸ. ಕಲಬೆರಕೆ ಶೇ ಒಂದೆರಡಕ್ಕಿಂತ ಕಡಿಮೆಯಿದ್ದರೆ ಮಾಮೂಲಿ ಯಂತ್ರಕ್ಕೆ ಅದು ಕಾಣದೇ ಹೋಗಬಹುದು.

ಇನ್ನೊಂದು ಡಿಎಸ್‌ಸಿ, ಶಾಖದ ಏರಿಳಿತ ಅಳೆಯುವ ವಿಧಾನ. 2ರಿಂದ 5 ಮಿಲಿಗ್ರಾಂ ಪುಡಿಯನ್ನು ಪುಟ್ಟ ಅಲ್ಯೂಮಿನಿಯಂ ಬಟ್ಟಲಲ್ಲಿಟ್ಟು, ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸುತ್ತ, ಅದು ಯಾವಾಗ ಎಷ್ಟು ಶಾಖ ಹೀರಿತು, ಯಾವಾಗ ಹೊರಬಿಟ್ಟಿತು ಎಂದು ನೋಡುವುದು. ಅಪಸ್ಮಾರದ ಔಷಧ ಕಾರ್ಬಮಜೆಪಿನ್‌ನ ಫಾರ್ಮ್ 3ನ್ನು ಹೀಗೆ ಕಾಯಿಸಿದರೆ ಸುಮಾರು 175 ಡಿಗ್ರಿಯಲ್ಲಿ ಕರಗುವ ಗುರುತು ಕಾಣುತ್ತದೆ, ಕೂಡಲೇ ಮತ್ತೆ ಹರಳುಗಟ್ಟಿದ ಗುರುತು, 190ರ ಆಸುಪಾಸಿನಲ್ಲಿ ಇನ್ನೊಮ್ಮೆ ಕರಗುವಿಕೆ. ಹೊಸಬರು ಎರಡು ರೂಪ ಬೆರೆತಿವೆ ಎಂದು ವರದಿ ಬರೆಯುತ್ತಾರೆ. ಇದ್ದದ್ದು ಒಂದೇ ರೂಪ. ಬಟ್ಟಲೊಳಗೇ ಅದು ಕರಗಿ ಫಾರ್ಮ್ 1 ಆಯಿತು.

ಯಾವುದು ಹೆಚ್ಚು ಸ್ಥಿರ ಎಂದು ತೀರ್ಮಾನಿಸಲು ಇವೆರಡಕ್ಕಿಂತ ಸರಳವಾದ ಪರೀಕ್ಷೆಯೊಂದಿದೆ, ಸ್ಲರಿ. ಒಂದು ಸೀಸೆಯಲ್ಲಿ ದ್ರಾವಕ ಹಾಕಿ, ಅದರಲ್ಲಿ ಕರಗುವುದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಎರಡೂ ರೂಪದ ಪುಡಿ ಸುರಿದು, ಒಂದೇ ತಾಪಮಾನದಲ್ಲಿ ದಿನಗಟ್ಟಲೆ, ಬೇಕಾದರೆ ವಾರಗಟ್ಟಲೆ ಕಲಕುತ್ತಿರಬೇಕು. ಹೆಚ್ಚು ಕರಗುವ ರೂಪ ಕರಗುತ್ತ ಹೋಗುತ್ತದೆ, ಕಡಿಮೆ ಕರಗುವುದು ಅದನ್ನೇ ತಿಂದು ಬೆಳೆಯುತ್ತದೆ. ಕೊನೆಗೆ ಉಳಿದದ್ದೇ ಆ ತಾಪಮಾನದಲ್ಲಿ ಸ್ಥಿರ. ದ್ರಾವಕವೇ ಹರಳಿನೊಳಗೆ ಸೇರಿಕೊಳ್ಳುವಂಥದ್ದಾದರೆ ಪರೀಕ್ಷೆ ದಾರಿ ತಪ್ಪುತ್ತದೆ. ಕೆಲವು ಜೋಡಿಗಳಲ್ಲಿ ಬಿಸಿ ಏರಿದಂತೆ ಸ್ಥಿರತೆಯ ಸರದಿ ಅದಲುಬದಲಾಗುವುದರಿಂದ ಕನಿಷ್ಠ ಎರಡು ತಾಪಮಾನದಲ್ಲಾದರೂ ಮಾಡಬೇಕು. ದುಬಾರಿ ಯಂತ್ರ ಬೇಡ, ತಾಳ್ಮೆ ಬೇಕು. ಔಷಧ ಬೇಗ ಮಾರುಕಟ್ಟೆಗೆ ಬರಬೇಕೆಂಬ ಅವಸರದಲ್ಲಿ ಮೊದಲು ಕಡಿತವಾಗುವುದು ಈ ತಾಳ್ಮೆಯೇ.

ಬೇಕಾದ ರೂಪವನ್ನೇ ಪಡೆಯಲು ಕಾರ್ಖಾನೆಗಳಲ್ಲಿ ಬೀಜ ಹರಳು ಹಾಕುತ್ತಾರೆ, ಹಾಲಿಗೆ ಹೆಪ್ಪು ಹಾಕಿದಂತೆ. ಬ್ಯಾಚಿನ ತೂಕದ ಶೇ 1ರ ಆಸುಪಾಸು ಸಾಕು. ಹದ ಮುಖ್ಯ. ದ್ರಾವಣ ಇನ್ನೂ ಪರ್ಯಾಪ್ತವಾಗುವ, ಅಂದರೆ ಇನ್ನಷ್ಟು ಕರಗಿಸಲಾರದ ಸ್ಥಿತಿಗೆ ಬರುವ ಮೊದಲೇ ಹಾಕಿದರೆ ಬೀಜವೇ ಕರಗಿಹೋಗುತ್ತದೆ. ತಡಮಾಡಿದರೆ ಅಷ್ಟರಲ್ಲಿ ದ್ರಾವಣ ತನಗೆ ತೋಚಿದ ರೂಪದಲ್ಲಿ ಹರಳುಗಟ್ಟಿರುತ್ತದೆ. ಇದೇ ಹೆಪ್ಪಿನ ಗುಣ ತಿರುಗಿಬೀಳಬಹುದು ಎಂಬುದನ್ನು ಎಲ್ಲರೂ ಕಂಡದ್ದು 1998ರಲ್ಲಿ.

240 ಬ್ಯಾಚ್‌ಗಳ ನಂತರ

ರಿಟೊನವಿರ್ ಎಚ್‌ಐವಿ ಔಷಧ. ಅಬಾಟ್ ಕಂಪನಿಯ ಈ ಔಷಧಕ್ಕೆ 1996ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ನಾರ್ವಿರ್ ಹೆಸರಿನಲ್ಲಿ. ಗಟ್ಟಿ ಪುಡಿಯಾಗಿ ಕೊಟ್ಟರೆ ಮೈಗೆ ಹತ್ತುತ್ತಿರಲಿಲ್ಲ, ಆದ್ದರಿಂದ ಎಥನಾಲ್ ಮತ್ತು ನೀರಿರುವ ದ್ರಾವಣದಲ್ಲಿ ಕರಗಿಸಿ 100 ಮಿಲಿಗ್ರಾಂ ಕ್ಯಾಪ್ಸೂಲ್‌ಗಳಲ್ಲಿ ತುಂಬುತ್ತಿದ್ದರು. ಪೂರ್ತಿ ಡೋಸ್ ಹೊತ್ತಿಗೆ 600 ಮಿಲಿಗ್ರಾಂ, ದಿನಕ್ಕೆ ಎರಡು ಹೊತ್ತು. ಅಂದರೆ ದಿನಕ್ಕೆ ಹನ್ನೆರಡು ಕ್ಯಾಪ್ಸೂಲ್. ಅಣು ಹೇಗೂ ಕರಗಿದ ಸ್ಥಿತಿಯಲ್ಲೇ ಇರುವುದರಿಂದ ಹರಳಿನ ರೂಪದ ನಿಯಂತ್ರಣ ಅಗತ್ಯವೆಂದು ಆಗ ಯಾರಿಗೂ ಅನ್ನಿಸಲಿಲ್ಲ, ನಿಯಮವೂ ಕೇಳುತ್ತಿರಲಿಲ್ಲ. ಗೊತ್ತಿದ್ದದ್ದೂ ಒಂದೇ ರೂಪ.

240 ಬ್ಯಾಚ್‌ಗಳು ತೊಂದರೆಯಿಲ್ಲದೆ ತಯಾರಾದವು. 1998ರಲ್ಲಿ ಕೆಲವು ಬ್ಯಾಚ್‌ಗಳು ಕರಗುವಿಕೆಯ ಪರೀಕ್ಷೆಯಲ್ಲಿ ಬಿದ್ದವು. ಕ್ಯಾಪ್ಸೂಲ್ ಬಿಚ್ಚಿ ನೋಡಿದರೆ ಒಳಗೆ ಹರಳುಗಳು, ಯಾರೂ ನೋಡಿರದ ಫಾರ್ಮ್ 2. ಹೊಸ ರೂಪದ ಕರಗುವಿಕೆ ಹಳೆಯದರ ಕಾಲುಭಾಗಕ್ಕಿಂತಲೂ ಕಡಿಮೆ. ಅಂದರೆ ಫಾರ್ಮ್ 1ರ ಲೆಕ್ಕದಲ್ಲಿ ನಿಶ್ಚಿಂತೆಯಾಗಿದ್ದ ಅದೇ ದ್ರಾವಣ, ಫಾರ್ಮ್ 2ರ ಲೆಕ್ಕದಲ್ಲಿ ಸುಮಾರು ನಾಲ್ಕು ಪಟ್ಟು ಅತಿಪರ್ಯಾಪ್ತವಾಗಿ ಕೂತಿತ್ತು. ಒಂದು ಬೀಜ ಬೀಳುವುದಷ್ಟೇ ಬಾಕಿ.

ಬೀಜ ಬೀಳುತ್ತಲೇ ಹೋಯಿತು. ಫಾರ್ಮ್ 2 ಮೊದಲು ಕಂಡ ಜಾಗದಿಂದ ತಜ್ಞರು ಇಟಲಿಯಲ್ಲಿದ್ದ, ಔಷಧದ ಮೂಲ ಪುಡಿ ತಯಾರಿಸುವ ಬಲ್ಕ್ ಡ್ರಗ್ ಘಟಕಕ್ಕೆ ಹೋಗಿ ಬಂದ ಮೇಲೆ ಅಲ್ಲೂ ಅದೇ ರೂಪ ಕಾಣಿಸಿಕೊಂಡಿತು. ಬಟ್ಟೆಯ ಮೇಲಿನ ಧೂಳಿನ ಕಣ ಸಾಕಾಗಿರಬೇಕು. ಫಾರ್ಮ್ 2 ಕಾಲಿಟ್ಟ ಕೋಣೆಯಲ್ಲಿ ಫಾರ್ಮ್ 1 ಮಾಡುವುದೇ ಕಷ್ಟವಾಯಿತು. ಡನಿಟ್ಜ್ ಮತ್ತು ಬರ್ನ್‌ಸ್ಟೈನ್ ಎಂಬ ಇಬ್ಬರು ಹರಳು ವಿಜ್ಞಾನಿಗಳು 'ಕಣ್ಮರೆಯಾಗುವ ರೂಪಗಳು' ಎಂದು 1995ರಲ್ಲೇ ಬರೆದಿದ್ದರು. ಓದಿದವರಿಗೆ ಅದು ಪ್ರಯೋಗಾಲಯದ ಕೌತುಕವಾಗಿತ್ತು.

ಇಷ್ಟು ಸ್ಥಿರವಾದ ರೂಪ ಮೊದಲೇ ಏಕೆ ಹುಟ್ಟಲಿಲ್ಲ? ಫಾರ್ಮ್ 2ರಲ್ಲಿ ಹೈಡ್ರೋಜನ್ ಬಂಧಗಳು ಬಲವಾಗಿವೆ, ಆದರೆ ಹಾಗೆ ಕೂರಲು ಅಣು ತನ್ನ ಕಾರ್ಬಮೇಟ್ ಭಾಗವನ್ನು ಅದಕ್ಕೆ ಒಗ್ಗದ ದಿಕ್ಕಿಗೆ ತಿರುಚಿಕೊಳ್ಳಬೇಕು. ದ್ರಾವಣದಲ್ಲಿ ಹಾಗೆ ತಿರುಚಿಕೊಂಡ ಅಣುಗಳು ವಿರಳ, ಅಂಥವು ಸಾಕಷ್ಟು ಒಂದೆಡೆ ಸೇರಿ ಮೊದಲ ಹರಳಾಗುವುದು ಇನ್ನೂ ವಿರಳ. ತನಿಖೆಯಲ್ಲಿ ಕಂಡ ಸುಳಿವೆಂದರೆ, ರಿಟೊನವಿರ್ ಕೆಟ್ಟು ಹುಟ್ಟುವ ಒಂದು ಉಪವಸ್ತುವಿನ ಆಕಾರ ಆ ತಿರುಚಿದ ಭಾಗವನ್ನೇ ಹೋಲುತ್ತಿತ್ತು. ಅದರ ಹರಳು ಅಚ್ಚಿನಂತೆ ಕೆಲಸ ಮಾಡಿರಬಹುದು.

ಕ್ಯಾಪ್ಸೂಲ್ ಮಾರುಕಟ್ಟೆಯಿಂದ ಮರೆಯಾಯಿತು. ರೋಗಿಗಳ ಕೈಗೆ ಬಂದದ್ದು ಮಿಲಿಲೀಟರ್‌ಗೆ 80 ಮಿಲಿಗ್ರಾಂ ಇದ್ದ, ಶೇ 43ರಷ್ಟು ಆಲ್ಕೋಹಾಲ್ ಇದ್ದ ದ್ರವ. ಹೊತ್ತಿಗೆ ಏಳೂವರೆ ಮಿಲಿಲೀಟರ್. ರುಚಿ ಎಷ್ಟು ಕೆಟ್ಟದ್ದೆಂದರೆ ಚಾಕೊಲೇಟ್ ಹಾಲಿನಲ್ಲಿ ಬೆರೆಸಿ ಕುಡಿಯಬಹುದು ಎಂದು ಸೂಚನೆಯ ಹಾಳೆಯಲ್ಲೇ ಬರೆದಿತ್ತು. 1999ರಲ್ಲಿ ಫ್ರಿಜ್ಜಿನಲ್ಲಿಡಬೇಕಾದ ಮೆತ್ತನೆಯ ಕ್ಯಾಪ್ಸೂಲ್ ಬಂತು, 2010ರಲ್ಲಿ ಹೊರಗೇ ಇಡಬಹುದಾದ ಮಾತ್ರೆ. ಮಾತ್ರೆಯಲ್ಲಿ ಔಷಧವನ್ನು ಹರಳಾಗಲು ಬಿಡದೆ ಪಾಲಿಮರ್ ಜತೆ ಕಾಯಿಸಿ, ಗಾಜಿನಂತೆ ಅಸ್ಫಟಿಕವಾಗಿ ಹಿಡಿದಿಟ್ಟಿದ್ದಾರೆ. ಕೋವಿಡ್ ಕಾಲದ ಪ್ಯಾಕ್ಸ್‌ಲೋವಿಡ್‌ನಲ್ಲಿರುವ ಎರಡನೇ ಮಾತ್ರೆ ಇದೇ ರಿಟೊನವಿರ್.

1999ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿ ಕ್ಯೂ6ಎ ಬಂದು, ಯಾವಾಗ ರೂಪಗಳನ್ನು ಹುಡುಕಬೇಕು, ಯಾವಾಗ ಮಿತಿ ಹಾಕಬೇಕು ಎಂದು ಹೇಳಿತು. ಆದರೂ 2008ರಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಚರ್ಮದ ಮೇಲೆ ಅಂಟಿಸುವ ರೊಟಿಗೊಟಿನ್ ಪಟ್ಟಿಗಳಲ್ಲಿ ಹಿಮದ ಹೂವಿನಂಥ ಹರಳುಗಳು ಕಾಣಿಸಿಕೊಂಡು, ಅಮೆರಿಕದಲ್ಲಿ ಅದು ಮರಳಿ ಬರುವಾಗ 2012 ಆಗಿತ್ತು. ನೀರಿನ ಕಥೆ ಬೇರೆ. ಕಾರ್ಬಮಜೆಪಿನ್ ತೇವ ಹೀರಿದರೆ ಪ್ರತಿ ಅಣು ಎರಡು ನೀರಿನ ಅಣುವನ್ನು ಹರಳೊಳಗೆ ಸೇರಿಸಿಕೊಂಡು ಡೈಹೈಡ್ರೇಟ್ ಆಗುತ್ತದೆ, ಮಾತ್ರೆ ಗಡುಸಾಗುತ್ತದೆ, ಪರಿಣಾಮ ಮೂರನೇ ಒಂದು ಭಾಗದಷ್ಟು ಕುಗ್ಗಬಹುದು. ಮಳೆಗಾಲದ ಕರಾವಳಿಯಲ್ಲಿ, ಬಚ್ಚಲುಮನೆಯ ಗೂಡಿನಲ್ಲಿ ಈ ಮಾತ್ರೆ ಇಡುವವರು ಇದನ್ನು ನೆನಪಿಡಬೇಕು.

ನ್ಯಾಯಾಲಯಕ್ಕೆ ಬಂದ ಹರಳು

ಗೋಜಲು ಹೆಚ್ಚಾದದ್ದು ಎರಡನೇ ರೂಪಕ್ಕೂ ಪೇಟೆಂಟ್ ಸಿಗತೊಡಗಿದ ಮೇಲೆ. ಹೊಟ್ಟೆಹುಣ್ಣಿನ ಔಷಧ ರಾನಿಟಿಡಿನ್‌ನ ಮೊದಲ ಪೇಟೆಂಟ್ 1978ರದ್ದು, ಫಾರ್ಮ್ 2ರ ಪೇಟೆಂಟ್ 1985ರದ್ದು; ಎರಡನೆಯದರ ಅವಧಿ 2002ರವರೆಗೆ. ಹಳೆಯ ಪೇಟೆಂಟಿನ ವಿಧಾನವನ್ನು ಅನುಸರಿಸಿದರೇ ಫಾರ್ಮ್ 2 ಬರುತ್ತದೆ, ಹಾಗಾದರೆ ಹೊಸದೇನು ಎಂದು ಜೆನೆರಿಕ್ ಔಷಧ ಕಂಪನಿ ನೊವೊಫಾರ್ಮ್ ಕೇಳಿತು. ಅದರ ತಜ್ಞರು ಹಳೆಯ ವಿಧಾನವನ್ನು ಮಾಡಿದಾಗೆಲ್ಲ ಫಾರ್ಮ್ 2 ಬಂತು. ಪೇಟೆಂಟ್ ಹೊಂದಿದ್ದ ಗ್ಲಾಕ್ಸೊ ಕಡೆಯವರು ಮಾಡಿದಾಗ ಫಾರ್ಮ್ 1. ನಿಮ್ಮ ಕೋಣೆಯಲ್ಲೇ ಬೀಜವಿತ್ತು ಎಂಬ ವಾದವೂ ಬಂತು. 1995ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಪೇಟೆಂಟ್ ಎತ್ತಿಹಿಡಿಯಿತು. ಖಿನ್ನತೆಯ ಔಷಧ ಪ್ಯಾರೊಕ್ಸೆಟಿನ್ ವಿಷಯದಲ್ಲಿ ಪ್ರಶ್ನೆ ಇನ್ನೂ ವಿಚಿತ್ರ: ಪೇಟೆಂಟ್ ಮುಗಿದ ರೂಪವನ್ನು ಮಾಡುತ್ತಿರುವಾಗ ಪೇಟೆಂಟ್ ಇರುವ ರೂಪ ತಾನಾಗಿ ಒಂದಿಷ್ಟು ಹುಟ್ಟಿಕೊಂಡರೆ ಅದು ಉಲ್ಲಂಘನೆಯೇ? 2005ರಲ್ಲಿ ಆ ಪೇಟೆಂಟೇ ಊರ್ಜಿತವಲ್ಲ ಎಂದು ತೀರ್ಪಾಯಿತು. ಕಾನೂನು ರೂಪಗಳ ನಡುವೆ ಬೇಲಿ ಹಾಕುತ್ತದೆ, ಫ್ಲಾಸ್ಕಿಗೆ ಬೇಲಿ ಕಾಣುವುದಿಲ್ಲ.

ಭಾರತ ಬೇರೆ ದಾರಿ ಹಿಡಿಯಿತು. 2005ರ ತಿದ್ದುಪಡಿಯಲ್ಲಿ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ)ಗೆ ಹೊಸ ಮಾತು ಸೇರಿತು: ಗೊತ್ತಿರುವ ವಸ್ತುವಿನ ಲವಣ, ಪಾಲಿಮಾರ್ಫ್, ಕಣದ ಗಾತ್ರ ಇತ್ಯಾದಿಗಳು, ಪರಿಣಾಮಕಾರಿತ್ವದಲ್ಲಿ ಗಣನೀಯ ವ್ಯತ್ಯಾಸವಿಲ್ಲದಿದ್ದರೆ, ಅದೇ ವಸ್ತು. ರಕ್ತದ ಕ್ಯಾನ್ಸರಿನ ಔಷಧ ಇಮಾಟಿನಿಬ್ ಮೆಸಿಲೇಟ್‌ನ ಬೀಟಾ ಹರಳಿಗೆ ನೊವಾರ್ಟಿಸ್ 1998ರಲ್ಲಿ ಚೆನ್ನೈಯಲ್ಲಿ ಅರ್ಜಿ ಹಾಕಿತ್ತು. 2006ರಲ್ಲಿ ಅದು ತಿರಸ್ಕೃತವಾಯಿತು, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು. ಪುಡಿ ಚೆನ್ನಾಗಿ ಹರಿಯುತ್ತದೆ, ಹೆಚ್ಚು ಸ್ಥಿರ, ತೇವ ಕಡಿಮೆ ಹೀರುತ್ತದೆ ಎಂಬ ಗುಣಗಳು ಕಾರ್ಖಾನೆಗೆ ನಿಜಕ್ಕೂ ಬೆಲೆಯುಳ್ಳವು. ಔಷಧದ ವಿಷಯದಲ್ಲಿ ಪರಿಣಾಮ ಎಂದರೆ ಚಿಕಿತ್ಸೆಯ ಪರಿಣಾಮ ಎಂದು ಪೀಠ ಹೇಳಿತು. ಇದರಿಂದ ಹೊಸ ರೂಪ ಹುಡುಕುವ ಉತ್ಸಾಹ ಕುಗ್ಗುತ್ತದೆ ಎನ್ನುವವರಿದ್ದಾರೆ. ರಿಟೊನವಿರ್‌ನಲ್ಲಿ ನೋಡಿದಂತೆ, ಹುಡುಕಾಟಕ್ಕೆ ಪೇಟೆಂಟ್ ಒಂದೇ ಕಾರಣವಾಗಬೇಕಿಲ್ಲ.

ಹಳೆಯ ಔಷಧಗಳೂ ಸುಮ್ಮನಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿದ್ದ ಆಸ್ಪಿರಿನ್‌ಗೆ 2005ರಲ್ಲಿ ಎರಡನೇ ರೂಪ ಸಿಕ್ಕಿತು. ಎರಡರಲ್ಲೂ ಪದರಗಳು ಒಂದೇ, ಪದರದ ಮೇಲೆ ಪದರ ಕೂರುವ ಜಾಗ ಮಾತ್ರ ಸ್ವಲ್ಪ ಜಾರಿದೆ; ಒಂದೇ ಹರಳಿನಲ್ಲಿ ಎರಡೂ ಹೆಣೆದುಕೊಂಡಿರುವುದೂ ಉಂಟು. 2011ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೌತಮ್ ದೇಸಿರಾಜು, ರಾಮಮೂರ್ತಿ ಮತ್ತು ಸಹೋದ್ಯೋಗಿಗಳು ಅತಿಸೂಕ್ಷ್ಮ ಮೊನೆಯಿಂದ ಈ ಹರಳುಗಳನ್ನು ಒತ್ತಿ, ಎರಡಕ್ಕೂ ಗಡಸುತನ ಬೇರೆಬೇರೆ ಎಂದು ತೋರಿಸಿದರು. ಫಾರ್ಮ್ 2ನ್ನು ಗಿರಣಿಯಲ್ಲಿ ಅರೆದರೆ ಪದರಗಳು ಜಾರಿ ಬೇಗನೆ ಫಾರ್ಮ್ 1 ಆಗುತ್ತದೆ ಎಂಬುದೂ ಅಲ್ಲಿ ಕಂಡಿತು.

ರಿಟೊನವಿರ್‌ಗೂ, ಫಾರ್ಮ್ 2 ಕಂಡ 24 ವರ್ಷಗಳ ನಂತರ, ಕಾಯಿಸಿ ಕರಗಿಸಿ ಆರಿಸಿದ ದ್ರವದಿಂದ ಫಾರ್ಮ್ 3 ಹುಟ್ಟಿತು. 2024ರಲ್ಲಿ ಮತ್ತೊಂದು ತಂಡ ಬಾಲ್ ಮಿಲ್‌ನಲ್ಲಿ ತುಸು ದ್ರಾವಕದ ಜತೆ ಅರೆದು, ಫಾರ್ಮ್ 2ರಿಂದಲೇ ಫಾರ್ಮ್ 1ನ್ನು ಮರಳಿ ತೆಗೆಯಿತು. ಹರಳು ಸಾಕಷ್ಟು ಚಿಕ್ಕದಾದರೆ ಸ್ಥಿರತೆಯ ಸರದಿಯೇ ತಲೆಕೆಳಗಾಗುತ್ತದಂತೆ.