ಸಾರು ಸಪ್ಪೆ ಎಂದರೆ ನಾಲಿಗೆ ಬದಲಾಯಿಸ್ತೀರಾ?

ನಮ್ಮ 2014ರ ಪೆಟ್ರೋಲ್ ಕಾರಿನಲ್ಲಿ ಚೆಕ್ ಇಂಜಿನ್ ಲೈಟ್ ಹೊತ್ತಿಕೊಂಡಿತು. ಗ್ಯಾರೇಜಿನವರು ಸ್ಕ್ಯಾನರ್ ಸಿಕ್ಕಿಸಿದರು. ಪಿ0171 ಎಂಬ ದೋಷದ ಕೋಡ್ ಬಂತು. "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್, ಹೊಸದು ಹಾಕಿಬಿಡೋಣ." ಹಾಕಿದರು, ಕೋಡ್ ಅಳಿಸಿದರು, ಲೈಟ್ ಹೋಯಿತು. ಮೂರನೇ ದಿನ ಮತ್ತೆ ಹಾಜರ್.

ಸೆನ್ಸರ್ ಕೆಟ್ಟಿದೆ ಅಂತ ಆ ಕೋಡ್ ಹೇಳುವುದೇ ಇಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅಷ್ಟೇ ಅದರ ಮಾತು. ಅದನ್ನು ಪತ್ತೆ ಹಚ್ಚಿದ್ದೇ ಆ ಸೆನ್ಸರ್! ಸಾರು ಸಪ್ಪೆ ಎಂದ ನಾಲಿಗೆಯನ್ನೇ ಕಿತ್ತು ಬೇರೆ ಹಾಕಿದ ಹಾಗಾಯಿತು ಅಲ್ವಾ?

ನಾಲಿಗೆ ಎಂದದ್ದು ಸುಮ್ನೆ ಅಲ್ಲ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಇಂಜಿನ್ನಿನ ಕಂಪ್ಯೂಟರು ಕಣ್ಣು ಕಟ್ಟಿಕೊಂಡು ಒಲೆ ಮುಂದೆ ಕೂತ ಅಡುಗೆಭಟ್ಟ. ನಮ್ಮ ಕಾರಿನಲ್ಲಿ ಏರ್ ಫಿಲ್ಟರ್ ಪಕ್ಕದ ಇನ್ನೊಂದು ಸೆನ್ಸರ್ ಒಳಬರುವ ಗಾಳಿಯನ್ನು ಅಳೆದು ಹೇಳುತ್ತದೆ, ಭಟ್ಟ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುತ್ತಾನೆ. ರುಚಿ ನೋಡುವುದು ಹೊಗೆ ಹೋಗುವ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್. ಆಮ್ಲಜನಕ ಉಳಿದಿದ್ದರೆ ಸುಮಾರು 0.1 ವೋಲ್ಟ್, ಉಳಿದಿಲ್ಲದಿದ್ದರೆ 0.9ರ ಹತ್ತಿರ.

ಈಗ ಯಾರೋ ಹಿತ್ತಲ ಬಾಗಿಲಿಂದ ಬಂದು ಸಾರಿಗೆ ನೀರು ಸುರಿದು ಹೋಗುತ್ತಿದ್ದಾರೆ ಅನ್ನಿ. ಭಟ್ಟನಿಗೆ ಗೊತ್ತಿಲ್ಲ. ನಾಲಿಗೆ ಸಪ್ಪೆ ಅನ್ನುತ್ತದೆ, ಉಪ್ಪು ಹಾಕುತ್ತಾನೆ. ಮತ್ತೆ ಸಪ್ಪೆ, ಮತ್ತೆ ಉಪ್ಪು. ಗಾಳಿ ಅಳೆದ ಜಾಗದಿಂದ ಆಚೆ ಪೈಪು ಸೀಳಿದರೆ ಆಗುವುದೂ ಇದೇ. ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ, ಭಟ್ಟ ಪೆಟ್ರೋಲ್ ಏರಿಸುತ್ತಲೇ ಹೋಗುತ್ತಾನೆ. ಈ ಏರಿಳಿತಕ್ಕೆ ಫ್ಯುಯಲ್ ಟ್ರಿಮ್ ಎನ್ನುತ್ತಾರೆ. ಶೇ. 5ರಷ್ಟು ಆಚೀಚೆ ಮಾಮೂಲಿ. ಶೇ. 20–25 ದಾಟಿದರೆ ಕೈಚೆಲ್ಲಿ ಲೈಟ್ ಹಚ್ಚುತ್ತಾನೆ.

ಕಾರಿನ ಹೊಗೆಯ ಮೇಲೆ ಇಷ್ಟೊಂದು ಕಾವಲು ಶುರುವಾದದ್ದರಲ್ಲಿ ಅನಾನಸಿಗೂ ಪಾಲಿದೆ! ಅನಾನಸಿನ ರುಚಿ, ಪರಿಮಳ ಶೋಧಿಸುತ್ತಿದ್ದ ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ಆಸುಪಾಸಿನಲ್ಲಿ ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜಿಗೆ ಕಾರುಗಳ ಹೊಗೆಯೂ ಕಾರಣ ಎಂದು ತೋರಿಸಿಕೊಟ್ಟರು. ಮುಂದೆ ಕ್ಯಾಲಿಫೋರ್ನಿಯಾ, 1988ರ ಮಾಡೆಲ್‌ಗಳಿಂದ, ಕಾರೇ ತನ್ನ ದೋಷ ಹೇಳಿಕೊಳ್ಳಬೇಕು ಎಂದು ಕಡ್ಡಾಯ ಮಾಡಿತು. ಆ ಕಾಲದ ಜನರಲ್ ಮೋಟರ್ಸ್ ಕಾರುಗಳಿಗೆ ಸ್ಕ್ಯಾನರೂ ಬೇಡ, ಪೇಪರ್ ಕ್ಲಿಪ್ಪಿನಿಂದ ಸಾಕೆಟ್ಟಿನ ಎರಡು ಪಿನ್ ಸೇರಿಸಿದರೆ ಸಾಕಿತ್ತು. ಲೈಟ್ ಒಮ್ಮೆ ಮಿನುಗಿ, ಸ್ವಲ್ಪ ಬಿಟ್ಟು ಎರಡು ಸಲ ಮಿನುಗಿದರೆ ಅದು ಕೋಡ್ 12. ನಮ್ಮ ದೇಶದಲ್ಲಿ ಇಂಥ ನಿಯಮದ ಮೊದಲ ಹಂತ ಬಂದದ್ದು 2010ರಲ್ಲಿ, ಎರಡನೆಯದು 2013ರಲ್ಲಿ.

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ನಾನೇ ಒಂದು ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ಟ್ರಿಮ್ ನೋಡಿದೆ. ಐಡ್ಲಿಂಗ್‌ನಲ್ಲಿ +24. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದರೆ +6. ಇಂಜಿನ್ ಹೆಚ್ಚು ಗಾಳಿ ಎಳೆದಾಗ ಕಳ್ಳಗಾಳಿಯ ಪಾಲು ಕಡಿಮೆಯಾಗುತ್ತದೆ. ತುಂಬಿದ ಹಂಡೆಗೆ ಒಂದು ಲೋಟ ನೀರು ಬಿದ್ದರೆ ರುಚಿ ಕೆಡುತ್ತದೆಯೇ? ಬಾನೆಟ್ ಎತ್ತಿ ಕಿವಿಗೊಟ್ಟೆ. ಸುಯ್ ಎನ್ನುವ ಸದ್ದು. ಗೇಣುದ್ದದ ರಬ್ಬರ್ ಹೋಸ್, ಬುಡದಲ್ಲಿ ಸೀಳು. ಬೆರಳಿಟ್ಟು ಮುಚ್ಚಿದೆ. ಸದ್ದು ನಿಂತಿತು, ಟ್ರಿಮ್ ಇಳಿಯತೊಡಗಿತು.

ಹಾಗಾದರೆ ಗ್ಯಾರೇಜಿನಲ್ಲಿ ಲೈಟ್ ಹೋದದ್ದು ಹೇಗೆ? ಕೋಡ್ ಅಳಿಸಿದರೆ ಭಟ್ಟ ಕಲಿತದ್ದೂ ಮರೆತುಹೋಗುತ್ತದೆ. ಈ ಬಗೆಯ ದೋಷ ಎರಡು ಓಡಾಟಗಳಲ್ಲಿ ಕಂಡರೆ ಮಾತ್ರ ಲೈಟ್ ಹೊತ್ತುತ್ತದೆ. ನಡುವಿನ ಆ ಎರಡು ದಿನವನ್ನೇ ಜನ ರಿಪೇರಿ ಅಂದುಕೊಳ್ಳುತ್ತಾರೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕುವುದೂ ಬಂಪರಿಗೆ ನಿಂಬೆಹಣ್ಣು ಕಟ್ಟಿದ ಹಾಗೆಯೇ. ಅಷ್ಟೇ ಅಲ್ಲ, ಕೋಡ್ ಬಿದ್ದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಎಂಬ ದಾಖಲೆಯೂ ಅಳಿಸಿಹೋಗುತ್ತದೆ. ಅಳಿಸುವ ಮೊದಲು ಒಂದು ಫೋಟೋನಾದರೂ ತೆಗೆದುಕೊಳ್ಳಿ. ಲೈಟ್ ಮಿನುಗುತ್ತಿದ್ದರೆ ಮಾತ್ರ ಕಾರು ನಿಲ್ಲಿಸಿಬಿಡಿ. ಉರಿಯದ ಪೆಟ್ರೋಲ್ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿರಬಹುದು.

ಹೋಸ್ ಬದಲಾಯಿಸಿದೆ. ಕೋಡ್ ಅಳಿಸಲಿಲ್ಲ. ನಾಲ್ಕನೇ ದಿನ ಲೈಟ್ ತಾನಾಗಿಯೇ ಆರಿತು. ಗ್ಯಾರೇಜಿನವರು ಬಿಚ್ಚಿಕೊಟ್ಟ ಹಳೇ ಸೆನ್ಸರ್ ಇನ್ನೂ ಡಿಕ್ಕಿಯಲ್ಲೇ ಇದೆ.